ನಲಿ-ಕಲಿ: ಮೇಷ್ಟರ ಕೈಬರಹದಿಂದ ಸರ್ಕಾರಿ ಆದೇಶದವರೆಗೆ

ಪ್ರಾಥಮಿಕ ಶಾಲೆಯನ್ನು ಸುಧಾರಿಸುವ ಯೋಜನೆಗಳು ಹೆಚ್ಚಾಗಿ ಮೇಲಿನಿಂದ ಇಳಿದು ಬಂದಿವೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ ಬಂದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಪ್ರತಿ ಶಾಲೆಗೂ ಎರಡು ಕೊಠಡಿ, ಇಬ್ಬರು ಶಿಕ್ಷಕರು, ಒಂದಿಷ್ಟು ಪಾಠೋಪಕರಣ ಇರಲೇಬೇಕೆಂದಿತು. ಇವೆಲ್ಲ ಬೇಕಾದವೇ. ಆದರೆ ಒಂದೇ ಕೊಠಡಿಯಲ್ಲಿ ಎರಡು-ಮೂರು ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡುವುದು ಹೇಗೆಂಬ ದಿನನಿತ್ಯದ ಫಜೀತಿ ಹಾಗೇ ಉಳಿಯಿತು.

ಅದಕ್ಕೊಂದು ದಾರಿ ತೆರೆದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಕಬಿನಿ ಸೀಮೆಯ, ಕಾಡಂಚಿನ ಹಾಡಿಗಳ ತಾಲ್ಲೂಕು ಅದು. ಯುನಿಸೆಫ್ ನೆರವಿನಿಂದ ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅದರ ಸುತ್ತಲಿನ ಹಳ್ಳಿಶಾಲೆಗಳಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳಿಂದ ಕಲಿಯುತ್ತಿದ್ದ ಮಕ್ಕಳನ್ನು ಕಂಡರು. ಊರಿಗೆ ಮರಳಿ ಆ ಕ್ರಮವನ್ನು ಕನ್ನಡಕ್ಕೆ ಒಗ್ಗಿಸಿದರು. ಹೆಸರಿಟ್ಟರು: ನಲಿ-ಕಲಿ.

ಒಗ್ಗಿಸುವುದೆಂದರೆ ಬರೀ ಅನುವಾದವಲ್ಲ. ನಲಿ-ಕಲಿಯಲ್ಲಿ ಮಗು ಅ, ಆ, ಇ, ಈ ಎಂದು ಶುರುಮಾಡುವುದಿಲ್ಲ; ರ, ಗ, ಸ, ದ, ಅ ಎಂದು ಶುರುಮಾಡುತ್ತದೆ. ಬರೆಯಲು ಸುಲಭವಾದ ಈ ಐದೇ ಅಕ್ಷರಗಳಲ್ಲಿ ಸರ, ರಸ, ಅರಸ, ದಸರ, ಗರಗಸ ಎಲ್ಲವೂ ಸಿಕ್ಕುತ್ತವೆ. ವರ್ಣಮಾಲೆ ಮುಗಿಯುವವರೆಗೆ ಕಾಯದೆ, ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು ಪದ ಓದಬಲ್ಲದು. ಕನ್ನಡದ ಮೊದಲ ಪಾಠದಲ್ಲಿ ಇಷ್ಟು ದೊಡ್ಡ ಪಲ್ಲಟ ಇಷ್ಟು ಸದ್ದಿಲ್ಲದೆ ನಡೆದದ್ದು ನನಗೆ ಇಂದಿಗೂ ಬೆರಗು.

ಗೋಡೆಯ ಮೇಲೆ ಕಲಿಕಾ ಏಣಿ. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದು ಚಿತ್ರ, ಒಂದು ಸಂಖ್ಯೆ. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ಅದೇ ಚಿತ್ರವಿರುವ ಕಾರ್ಡನ್ನು ತೆಗೆದುಕೊಂಡು ತನ್ನ ತಟ್ಟೆಯಲ್ಲಿ, ಅಂದರೆ ಗುಂಪಿನಲ್ಲಿ, ಕೂರುತ್ತದೆ. ಒಂದು ತಟ್ಟೆಗೆ ಶಿಕ್ಷಕರ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಕಲಿಕೆ. ಸುಗ್ಗಿಗೋ ತಂಗಿಯನ್ನು ನೋಡಿಕೊಳ್ಳಲೋ ಹದಿನೈದು ದಿನ ಮನೆಯಲ್ಲುಳಿದ ಹುಡುಗಿ ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾಳೆ. ಹಳೆಯ ಕ್ರಮದಲ್ಲಿ ಪಾಠ ಅವಳನ್ನು ಬಿಟ್ಟು ಮುಂದೆ ಹೋಗಿರುತ್ತಿತ್ತು; ಶಾಲೆ ಬಿಡುವ ಮಕ್ಕಳು ಬಹಳ ಸಲ ಹೀಗೇ ಬಿಡುತ್ತಿದ್ದರು.

ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಕಾಲದಲ್ಲಿ ಪದ್ಧತಿ ಬೇರೆ ಜಿಲ್ಲೆಗಳಿಗೂ ಹಬ್ಬಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೂ, ಬಳಿಕ ಮೂರನೆಯದಕ್ಕೂ ಬಂತು. ಕಾರ್ಡುಗಳು ಅಚ್ಚಾಗಿ ಬಂದವು. ಈ ಘಟ್ಟವೇ ಚರಿತ್ರೆಯ ಸೂಕ್ಷ್ಮ ಜಾಗ. ಕೈಯಲ್ಲಿ ಬರೆದ ಕಾರ್ಡಿನಲ್ಲಿ ಮಕ್ಕಳು ಎಡವಿದರೆ ಮೇಷ್ಟರು ಅಂದೇ ತಿದ್ದಬಹುದಿತ್ತು. ಅಚ್ಚಾದ ಕಾರ್ಡನ್ನು ತಿದ್ದಲು ಮರುಮುದ್ರಣಕ್ಕೆ ಕಾಯಬೇಕು. ಹಾಗಾಗಿ ಶಿಕ್ಷಕರು ತಿಂಗಳಿಗೊಮ್ಮೆ ಕೂಡಿ ತಮ್ಮ ತೊಡಕು ಹೇಳಿಕೊಳ್ಳುವ ಕ್ಲಸ್ಟರ್ ಸಭೆ ನನ್ನ ಮಟ್ಟಿಗೆ ಯಾವ ಕಿಟ್‌ಗಿಂತಲೂ ಮುಖ್ಯ. ತರಬೇತಾದ ಶಿಕ್ಷಕಿಗೆ ವರ್ಗವಾಗಿ, ಬಂದವರಿಗೆ ಕ್ರಮ ಗೊತ್ತಿಲ್ಲದಿದ್ದರೆ ಏಣಿ ಬರೀ ಗೋಡೆಯ ಚಿತ್ರವಾಗುತ್ತದೆ.

ಇನ್ನೊಂದು ಬಿರುಕಿನ ಬಗ್ಗೆ ಸಾಕಷ್ಟು ಚರ್ಚೆಯೇ ಆಗಿಲ್ಲ. ಮೂರು ವರ್ಷ ತನ್ನ ವೇಗದಲ್ಲಿ ಏಣಿ ಹತ್ತಿದ ಮಗು ನಾಲ್ಕನೇ ತರಗತಿಗೆ ಕಾಲಿಟ್ಟ ದಿನ ಬೆಂಚಿನ ಮೇಲೆ ಸಾಲಾಗಿ ಕೂತು, ಎಲ್ಲರ ಜೊತೆ ಒಂದೇ ಪುಟ ತೆರೆಯಬೇಕು. ಹದಿನೈದು ದಿನ ತಪ್ಪಿಸಿಕೊಂಡ ಆ ಹುಡುಗಿ ಅಲ್ಲಿ ತನ್ನ ಮೆಟ್ಟಿಲನ್ನು ಎಲ್ಲಿ ಹುಡುಕಬೇಕು?