ಆರ್ತಧ್ಯಾನದಿಂದ ಅನುಕಂಪೆಗೆ: ಕಾರವಾರ–ಅಂಕೋಲೆಯ ಎರಡು ನಿದರ್ಶನಗಳು

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನವನ್ನು ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆಯಾಗಿ ನಿರೂಪಿಸಿದ್ದಾರೆ. ಮೊದಲನೆಯದಾದ ಆರ್ತಧ್ಯಾನಕ್ಕೆ ಹೇಳಿರುವ ಕಾರಣಗಳಲ್ಲಿ ಇಷ್ಟವಿಯೋಗವೂ ಒಂದು. ಪ್ರಿಯರಾದವರನ್ನು ಕಳೆದುಕೊಂಡ ಮನಸ್ಸು ಆ ಒಂದೇ ನೆನಪಿನ ಸುತ್ತ ಗಾಣದ ಎತ್ತಿನಂತೆ ಸುತ್ತುತ್ತಿರುವುದು ಅದರ ಲಕ್ಷಣ.

ಇಂತಹ ಸಂದರ್ಭದಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಸಾಂತ್ವನ ಸಾಮಾನ್ಯವಾಗಿ ಒಂದೇ: ‘ಅದು ಕರ್ಮೋದಯ, ಅತ್ತರೆ ಮತ್ತೆ ಕರ್ಮಬಂಧ.’ ಮಾತು ಶಾಸ್ತ್ರಸಮ್ಮತವೇ. ಆದರೆ ಮಗನನ್ನು ಕಳೆದುಕೊಂಡ ತಾಯಿ ಅದನ್ನು ಕೇಳಿ ಬಾಯಿ ಮುಚ್ಚಿಕೊಂಡ ಮಾತ್ರಕ್ಕೆ ಅವಳ ಆರ್ತಧ್ಯಾನ ಮುಗಿಯಿತೇ? ಖಾತೆಯಲ್ಲಿ ಬರೆಯದೆ ಬಿಟ್ಟ ಸಾಲ ತೀರಿದ ಸಾಲವಲ್ಲವೆಂಬುದನ್ನು ಪ್ರತಿಯೊಬ್ಬ ವರ್ತಕನೂ ಬಲ್ಲನು. ಅದಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಹೇಳಲಾಗದ ನೋವನ್ನು ಚಿತ್ರ, ಹಾಡು, ನಾಟಕಗಳ ಮೂಲಕ ಹೊರತಂದು ಮನಸ್ಸನ್ನು ಹಗುರಗೊಳಿಸುವ ಕ್ರಮಕ್ಕೆ ಇಂದಿನವರು ಕಲಾಚಿಕಿತ್ಸೆ ಎಂದು ಹೆಸರಿಟ್ಟಿದ್ದಾರೆ. ಕ್ಷಯರೋಗಕ್ಕೆ ತುತ್ತಾಗಿ ಆರೋಗ್ಯಧಾಮವೊಂದರಲ್ಲಿದ್ದ ಆಂಗ್ಲ ಚಿತ್ರಕಾರ ಏಡ್ರಿಯನ್ ಹಿಲ್, ಚಿತ್ರ ಬರೆಯುವುದು ತನಗೂ ಇತರ ರೋಗಿಗಳಿಗೂ ಉಪಕಾರಿಯಾದುದನ್ನು ಕಂಡು 1942ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ಹೆಸರು ಹೊಸದು, ವಸ್ತು ಹಳೆಯದು. ಉತ್ತರ ಕನ್ನಡದ ಕರಾವಳಿಯಲ್ಲೇ ಇದಕ್ಕೆ ಎರಡು ನಿದರ್ಶನಗಳು ದೊರೆಯುತ್ತವೆ.

ಮೊದಲನೆಯದು ಕಾರವಾರದ್ದು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಊರಿನಲ್ಲಿ, ಐ.ಸಿ.ಎಸ್. ಸೇವೆಗೆ ಆಯ್ಕೆಯಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಠಾಕೂರರು ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಅವರ ತಮ್ಮ, ಇಪ್ಪತ್ತೆರಡರ ತರುಣ ರವೀಂದ್ರನಾಥರು ಇಲ್ಲಿಗೆ ಬಂದು ತಂಗಿದರು. ಅರ್ಧಚಂದ್ರಾಕಾರದ ಕಡಲತೀರ, ಗಾಳಿಮರಗಳ ತೋಪು, ಬೆಳದಿಂಗಳಲ್ಲಿ ಕಾಳಿನದಿಯ ದೋಣಿಯಾನ, ಇವು ಅವರ ‘ಜೀವನಸ್ಮೃತಿ’ಯಲ್ಲಿ ಉಳಿದುಕೊಂಡಿವೆ. ಇಂದು ಆ ತೀರಕ್ಕೆ ಅವರದೇ ಹೆಸರಿದೆ. ‘ಪ್ರಕೃತಿರ ಪ್ರತಿಶೋಧ’ ಎಂಬ ನಾಟಕವನ್ನು ಅವರು ಬರೆದದ್ದು ಇಲ್ಲಿಯೇ.

ನಾಟಕದ ನಾಯಕನೊಬ್ಬ ಸಂನ್ಯಾಸಿ. ಸ್ನೇಹ, ಮಮತೆಗಳನ್ನೆಲ್ಲ ಗೆದ್ದೆನೆಂದು ಬಗೆದವನು. ಊರವರು ದೂರವಿಟ್ಟ ಅನಾಥ ಬಾಲಕಿಯೊಬ್ಬಳು ಅವನ ಆಶ್ರಯಕ್ಕೆ ಬರುತ್ತಾಳೆ. ಅವನೊಳಗೆ ವಾತ್ಸಲ್ಯ ಚಿಗುರುತ್ತದೆ. ಅದಕ್ಕೆ ಹೆದರಿ ಅವಳನ್ನು ಬಿಟ್ಟು ಓಡುತ್ತಾನೆ. ಮನಸ್ಸು ತಾಳದೆ ಹಿಂದಿರುಗುವ ಹೊತ್ತಿಗೆ ಬಾಲಕಿ ತೀರಿಹೋಗಿದ್ದಾಳೆ.

ತ್ಯಾಗವನ್ನೇ ಶಿಖರವೆಂದು ಭಾವಿಸುವ ಜೈನ ಓದುಗರಿಗೆ ಇದು ವೈರಾಗ್ಯದ ನಿಂದೆಯಂತೆ ತೋರಬಹುದು. ಆದರೆ ನಮ್ಮ ಗುಣಸ್ಥಾನ ವಿಚಾರವೇ ಇದಕ್ಕೆ ಬೆಳಕು ನೀಡುತ್ತದೆ. ಮೋಹವನ್ನು ಉಪಶಮಗೊಳಿಸುತ್ತ ಮೇಲೇರಿದ ಜೀವ ಹನ್ನೊಂದನೆಯ ಗುಣಸ್ಥಾನವನ್ನು ಮುಟ್ಟಿದರೂ ಅಲ್ಲಿಂದ ಜಾರಲೇಬೇಕು. ಕ್ಷಯಗೊಳಿಸುತ್ತ ಏರಿದ ಜೀವ ಮಾತ್ರ ಹನ್ನೆರಡನೆಯದಕ್ಕೆ ಸೇರುತ್ತದೆ. ಕತಕಬೀಜ ತೇಯ್ದು ಹಾಕಿದಾಗ ಕೆಸರು ತಳಕ್ಕಿಳಿದು ನೀರು ತಿಳಿಯಾದೀತು. ಪಾತ್ರೆ ಅಲುಗಿದರೆ ಮತ್ತೆ ಕದಡುತ್ತದೆ. ಮಹಾಮುನಿಗಳಿಗೇ ಈ ಎಚ್ಚರಿಕೆಯಿರುವಾಗ, ಸಂಸಾರಿಯಾದ ಶ್ರಾವಕನು ಅದುಮಿಟ್ಟ ದುಃಖವನ್ನೇ ವೈರಾಗ್ಯವೆಂದು ತಿಳಿಯುವುದು ಎಷ್ಟು ಅಪಾಯಕರ! ಕಾರವಾರದ ನಾಟಕದ ಸಂನ್ಯಾಸಿ ಗೆದ್ದವನಲ್ಲ, ಅದುಮಿದವನು.

ನಾಟಕ ಬರೆದವರಿಗೂ ಪರೀಕ್ಷೆ ದೂರವಿರಲಿಲ್ಲ. 1884ರ ಏಪ್ರಿಲ್‌ನಲ್ಲಿ ಅವರ ಪ್ರೀತಿಯ ಅತ್ತಿಗೆ ಕಾದಂಬರೀದೇವಿ ತೀರಿಕೊಂಡರು. ಮುಂದೆ 1902ರಲ್ಲಿ ಪತ್ನಿ, 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಿರಿಯ ಮಗ ಶಮೀಂದ್ರನಾಥ ಅಗಲಿದರು. ಪತ್ನಿವಿಯೋಗ ‘ಸ್ಮರಣ’ದ ಕವಿತೆಗಳಾಯಿತು. ಮಗಳು ಹಾಸಿಗೆ ಹಿಡಿದಿದ್ದಾಗ ಅವರು ‘ಶಿಶು’ವಿನ ಕವಿತೆಗಳನ್ನು ರಚಿಸಿದರು. ಅತ್ತಿಗೆಯ ಮರಣದ ಬಳಿಕ ಕವಿದ ಕತ್ತಲೆಯನ್ನು ‘ಜೀವನಸ್ಮೃತಿ’ಯಲ್ಲಿ ಮರೆಮಾಚದೆ ಹೇಳಿಕೊಂಡಿದ್ದಾರೆ, ಬದುಕು ಸ್ಥಿರವಲ್ಲವೆಂಬ ಅರಿವೇ ಕೊನೆಗೆ ಮನಸ್ಸಿನ ಭಾರವನ್ನು ಇಳಿಸಿತೆಂಬ ಅರ್ಥದ ಮಾತೂ ಅಲ್ಲಿದೆ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯಭಾವನೆಯೇ ಅಲ್ಲವೇ?

ವೃದ್ಧಾಪ್ಯದಲ್ಲಿ ಅವರು ಕುಂಚ ಹಿಡಿದರು. 1924ರ ಸುಮಾರಿಗೆ ‘ಪೂರಬಿ’ಯ ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಗೆರೆಗಳಿಂದ ಜೋಡಿಸುತ್ತ ಹಕ್ಕಿ, ಮೃಗ, ಮುಖಗಳ ಆಕೃತಿಗಳನ್ನು ಮೂಡಿಸಿದರು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಒಟ್ಟು ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಅವರು ಬಿಟ್ಟುಹೋಗಿದ್ದಾರೆ. ತಪ್ಪಿದ ಸಾಲನ್ನು ಹರಿದೆಸೆಯದೆ, ಮರೆಮಾಡದೆ, ಅದಕ್ಕೊಂದು ರೂಪ ಕೊಡುವ ಈ ಕ್ರಮ ಪ್ರತಿಕ್ರಮಣದ ಅರ್ಥವನ್ನು ಬಲ್ಲವರಿಗೆ ಅಪರಿಚಿತವೆನಿಸದು.

ಠಾಕೂರರು ವಿದ್ಯಾವಂತರು, ಅನುಕೂಲಸ್ಥರು. ಅಂತಹವರಿಗೆ ಮಾತ್ರ ಇದು ಸಾಧ್ಯವೆಂಬ ಸಂದೇಹಕ್ಕೆ ನೆರೆಯ ಅಂಕೋಲೆ ಉತ್ತರ ನೀಡುತ್ತದೆ. ಆ ತಾಲ್ಲೂಕಿನ ಬಡಗೇರಿಯ ಹಾಲಕ್ಕಿ ಒಕ್ಕಲಿಗ ಮಹಿಳೆ ಸುಕ್ರಿ ಬೊಮ್ಮಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾಯಿಯಿಂದ ಕಲಿತ ಹಾಡುಗಳೇ ಅವರ ವಿದ್ಯೆ. ಎಳೆಯ ವಯಸ್ಸಿನಲ್ಲಿ ಮದುವೆ, ಪತಿಯ ಅಗಲಿಕೆ, ಬಳಿಕ ಸಾಕುಮಗನ ಸಾವು. ಆ ಮಗನನ್ನು ಬಲಿ ತೆಗೆದುಕೊಂಡದ್ದು ಮದ್ಯ. ಇಷ್ಟವಿಯೋಗಕ್ಕೆ ಇದಕ್ಕಿಂತ ದಾರುಣ ಉದಾಹರಣೆ ಬೇಕಿಲ್ಲ.

ಆದರೂ ಅವರು ಹಾಡನ್ನು ಬಿಡಲಿಲ್ಲ. ನೂರಾರು ಹಾಡುಗಳು ಅವರ ಕಂಠದಲ್ಲಿದ್ದವು. ಆಕಾಶವಾಣಿಯ ಮೂಲಕವೂ ಅವರ ದನಿ ನಾಡಿಗೆ ಕೇಳಿಸಿತು. ಪರಂಪರೆಯ ಹಾಡಿಗೆ ಒಂದು ವಿಶೇಷ ಗುಣವಿದೆ: ಅದು ಒಬ್ಬರದಲ್ಲ, ಆದ್ದರಿಂದ ಅದರೊಳಗೆ ಯಾರ ದುಃಖಕ್ಕೂ ಸ್ಥಳವಿದೆ. ಹಾಡೊಂದೇ ಅವರನ್ನು ಸಂತೈಸಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಆದರೆ ದುಃಖ ಅವರನ್ನು ಮೂಕರನ್ನಾಗಿ ಮಾಡಲಿಲ್ಲವೆಂಬುದು ನಿಶ್ಚಯ. ಹಾಡುತ್ತಿದ್ದ ಆ ದನಿಯೇ ಊರಿನಲ್ಲಿ ಸಾರಾಯಿ ಮಾರಾಟದ ವಿರುದ್ಧ ಎದ್ದಿತು. ಮದ್ಯವಿರೋಧಿ ಹೋರಾಟದಲ್ಲಿ ಅವರು ಮುಂದೆ ನಿಂತರು. ತನ್ನ ಮಗನ ಸಾವು ಇನ್ನೊಬ್ಬಳ ಮಗನಿಗೆ ಬಾರದಿರಲೆಂಬ ಕಾಳಜಿ ಅದು. ಭಾರತ ಸರ್ಕಾರವು 2017ರಲ್ಲಿ ಪದ್ಮಶ್ರೀ ನೀಡಿ ಗೌರವಿಸಿದ ಸುಕ್ರಜ್ಜಿ 2025ರ ಫೆಬ್ರವರಿ 13ರಂದು ದಿವಂಗತರಾದರು.

ಮದ್ಯತ್ಯಾಗವನ್ನು ಮೂಲಗುಣಗಳಲ್ಲಿ ಮೊದಲಿಗೆ ಎಣಿಸುವ ಸಮಾಜ ನಮ್ಮದು. ಹುಟ್ಟಿನಿಂದ ಬಂದ ಈ ತ್ಯಾಗ ನಮಗೆ ಸುಲಭ. ದುಃಖದ ಬೆಂಕಿಯಿಂದ ಅದೇ ನಿಲುವಿಗೆ ಬಂದು, ಇಡೀ ಊರಿಗಾಗಿ ದನಿಯೆತ್ತಿದ ಈ ಅಜ್ಜಿಯ ಮುಂದೆ ನಮ್ಮ ನಿಯಮಪಾಲನೆ ತುಸು ತಲೆಬಾಗಬೇಕು. ಪ್ರಶಮ, ಸಂವೇಗ, ಅನುಕಂಪೆ, ಆಸ್ತಿಕ್ಯ ಇವು ಸಮ್ಯಕ್ತ್ವದ ಕುರುಹುಗಳೆಂದು ಆಚಾರ್ಯರು ಹೇಳಿದ್ದಾರೆ. ಆರ್ತಧ್ಯಾನ ಅನುಕಂಪೆಯಾಗಿ ತಿರುಗಿದರೆ ಅದು ಸಣ್ಣ ಸಿದ್ಧಿಯಲ್ಲ.

ಕಲೆಯು ರಾಗವನ್ನು ಬೆಳೆಸುವುದಿಲ್ಲವೇ ಎಂಬ ಆಕ್ಷೇಪ ಉಚಿತವಾದುದೇ. ಬೆಳೆಸಬಹುದು. ಆದರೆ ಆದಿದೇವನು ಬ್ರಾಹ್ಮಿಗೆ ಲಿಪಿಯನ್ನೂ ಸುಂದರಿಗೆ ಅಂಕೆಯನ್ನೂ ಕಲಿಸಿದನೆಂಬುದು ನಮ್ಮ ಪುರಾಣದ ಮಾತು. ಪಂಪನ ಆದಿಪುರಾಣದಲ್ಲಿ ಅದೇ ಆದಿದೇವನಿಗೆ ವೈರಾಗ್ಯ ಹುಟ್ಟಿದ್ದು ನೀಲಾಂಜನೆಯ ನೃತ್ಯದ ನಡುವೆ. ಕಲೆ ಎತ್ತ ಒಯ್ಯುತ್ತದೆಂಬುದೇ ಅದರ ಪರೀಕ್ಷೆ. ಇನ್ನು ಮನೋರೋಗ ಬಲವಾಗಿದ್ದಲ್ಲಿ ವೈದ್ಯರ ಬಳಿಗೆ ಹೋಗಲೇಬೇಕು. ಹಾಡು, ಚಿತ್ರಗಳು ಔಷಧಕ್ಕೆ ಬದಲಾಗಲಾರವು.

ಬಸದಿಗಳ ಆಡಳಿತ ಮಂಡಳಿಗಳು ಶಿಲೆಗೆ, ಶಿಖರಕ್ಕೆ ವ್ಯಯಿಸುವ ಹಣದಲ್ಲಿ ಅಲ್ಪಭಾಗ ಇದಕ್ಕೆ ಸಾಕು. ದಶಲಕ್ಷಣ ಪರ್ವದ ಒಂದು ಅಪರಾಹ್ನ ಸಭಾಮಂಟಪದಲ್ಲಿ ಕಾಗದ, ಬಣ್ಣ, ಒಂದು ಹಾರ್ಮೋನಿಯಂ ಇರಲಿ. ಬಹುಮಾನ ಬೇಡ, ಭಾಷಣ ಬೇಡ. ವಿಧವೆಯಾದ ಸೊಸೆ, ಪರೀಕ್ಷೆಯಲ್ಲಿ ಸೋತ ಹುಡುಗ, ವ್ಯಾಪಾರದಲ್ಲಿ ನಷ್ಟಹೊಂದಿದ ಯಜಮಾನ ತಮಗೆ ತೋಚಿದ್ದನ್ನು ಬರೆಯಲಿ, ಹಾಡಲಿ. ಹತ್ತಿರ ಕುಳಿತವರು ಕರ್ಮಸಿದ್ಧಾಂತವನ್ನು ಆ ಹೊತ್ತಿಗೆ ಬದಿಗಿರಿಸಿ ಕೇಳಿಸಿಕೊಳ್ಳಲಿ. ಶಲ್ಯವನ್ನು ಒಳಗಿಟ್ಟುಕೊಂಡವನು ವ್ರತಿಯಾಗಲಾರನೆಂದು ಶಾಸ್ತ್ರ ಸಾರುತ್ತದೆ. ಆ ಮುಳ್ಳು ಹೊರಬರಲು ಒಂದು ಎಡೆ ಬೇಕು. ಅದನ್ನು ಒದಗಿಸುವುದೂ ವೈಯಾವೃತ್ತ್ಯವೇ.