ದುಬೈ ಪೇಟೆಯಲ್ಲೂ ಓಡುತ್ತಿತ್ತು ನಮ್ಮ ರೂಪಾಯಿ: ಏನಿದು ಗಲ್ಫ್ ರೂಪಾಯಿ? ಸಣ್ಣ ವ್ಯಾಪಾರಿಗೆ ಇದರಿಂದೇನು ಪಾಠ?

ಮುಂಬೈ: ಮಸ್ಜಿದ್ ಬಂದರ್‌ನಲ್ಲಿ ಅಂಗಡಿ ಇಟ್ಟುಕೊಂಡು ಗಲ್ಫ್‌ನಿಂದ ಖರ್ಜೂರ ತರಿಸುವ ವ್ಯಾಪಾರಿ ಇಂದು ಬೆಲೆ ಕೇಳುವ ಮೊದಲು ಡಾಲರ್ ದರ ನೋಡುತ್ತಾರೆ. ಆರು ದಶಕಗಳ ಹಿಂದೆ ಆ ಚಿಂತೆ ಇರಲಿಲ್ಲ. ದುಬೈ, ಕತಾರ್, ಬಹರೇನ್, ಕುವೈತ್, ಮಸ್ಕತ್‌ಗಳಲ್ಲೂ ಚಲಾವಣೆಯಲ್ಲಿದ್ದದ್ದು ರೂಪಾಯಿಯೇ. ಹಲವು ದೇಶಗಳಿಗೆ ಒಂದೇ ಹಣವಿದ್ದರೆ ಸಣ್ಣ ವ್ಯಾಪಾರಕ್ಕೆ ಏನು ಲಾಭ, ಏನು ಅಪಾಯ ಎಂಬುದಕ್ಕೆ ಇದು ನಮ್ಮದೇ ಉದಾಹರಣೆ.

ಗಲ್ಫ್ ರೂಪಾಯಿ ಹುಟ್ಟಿದ್ದೇಕೆ?

ಬ್ರಿಟಿಷರ ಕಾಲದಿಂದಲೂ ಗಲ್ಫ್‌ನ ವಹಿವಾಟು ಮುಂಬೈ ಜೊತೆ ಬೆಸೆದುಕೊಂಡಿತ್ತು. ಭಾರತದ ನೋಟುಗಳೇ ಅಲ್ಲಿ ನಡೆಯುತ್ತಿದ್ದವು. ಸ್ವಾತಂತ್ರ್ಯಾನಂತರ ಭಾರತ ಚಿನ್ನದ ಆಮದಿಗೆ ಕಡಿವಾಣ ಹಾಕಿತು. ಮುಂಬೈನಲ್ಲಿ ಚಿನ್ನ ದುಬಾರಿ, ಗಲ್ಫ್‌ನಲ್ಲಿ ಅಗ್ಗ. ಕಳ್ಳಸಾಗಣೆದಾರರು ರೂಪಾಯಿ ನೋಟು ಒಯ್ದು ಚಿನ್ನ ತರತೊಡಗಿದರು. ಆ ನೋಟುಗಳು ಗಲ್ಫ್ ಬ್ಯಾಂಕುಗಳ ಮೂಲಕ ವಾಪಸ್ ಬಂದಾಗ ಭಾರತ ಅದಕ್ಕೆ ಬದಲಾಗಿ ಬ್ರಿಟಿಷ್ ಪೌಂಡ್ ಕೊಡಬೇಕಿತ್ತು. ವಿದೇಶಿ ವಿನಿಮಯ ಕರಗತೊಡಗಿತು.

ಇದನ್ನು ತಡೆಯಲು 1959ರಲ್ಲಿ ಆರ್‌ಬಿಐ ಕಾಯ್ದೆಗೆ ತಿದ್ದುಪಡಿ ತಂದು, ಗಲ್ಫ್‌ಗೆಂದೇ ಬೇರೆ ಬಣ್ಣದ ನೋಟುಗಳನ್ನು ಹೊರತರಲಾಯಿತು. 1, 5, 10 ಮತ್ತು 100 ರೂಪಾಯಿಯ ಈ ನೋಟುಗಳ ಸಂಖ್ಯೆಯ ಮುಂದೆ 'ಝಡ್' ಅಕ್ಷರವಿರುತ್ತಿತ್ತು. ಭಾರತದೊಳಗೆ ಇವು ನಡೆಯುತ್ತಿರಲಿಲ್ಲ. ಆದರೆ ಬೆಲೆ ಮಾತ್ರ ಭಾರತದ ರೂಪಾಯಿಗೆ ಸರಿಸಮ.

ಒಂದೇ ದಿನದಲ್ಲಿ ಬದಲಾದ ಲೆಕ್ಕ

1966ರ ಜೂನ್ 6ರಂದು ಭಾರತ ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರ್‌ಗೆ 4.76 ರೂ. ಇದ್ದದ್ದು 7.50 ರೂ. ಆಯಿತು. ಅಂದರೆ 750 ರೂಪಾಯಿಗೆ ಸುಮಾರು 157 ಡಾಲರ್ ಸಿಗುತ್ತಿದ್ದುದು 100 ಡಾಲರ್‌ಗೆ ಇಳಿಯಿತು. ಗಲ್ಫ್ ರೂಪಾಯಿಗೂ ಇದೇ ಗತಿ.

ಯುದ್ಧ, ಬರ, ವಿದೇಶಿ ನೆರವಿನ ಕೊರತೆ ಎಲ್ಲವೂ ಭಾರತದ ಸಮಸ್ಯೆಗಳು. ತೈಲದ ಆದಾಯ ಕಾಣುತ್ತಿದ್ದ ಗಲ್ಫ್‌ಗೆ ಅಪಮೌಲ್ಯ ಬೇಕಿರಲಿಲ್ಲ. ಆದರೆ ನಿರ್ಧಾರದಲ್ಲಿ ಅವರಿಗೆ ಮತವಿರಲಿಲ್ಲ. ಕುವೈತ್ 1961ರಲ್ಲಿ, ಬಹರೇನ್ 1965ರಲ್ಲಿ ಆಗಲೇ ಸ್ವಂತ ದಿನಾರ್ ತಂದಿದ್ದವು. 1966ರಲ್ಲಿ ಕತಾರ್ ಮತ್ತು ದುಬೈ ಸೇರಿ ರಿಯಾಲ್ ತಂದವು. ಅಬುಧಾಬಿ ಬಹರೇನ್ ದಿನಾರ್ ಹಿಡಿಯಿತು. ಒಮಾನ್ 1970ರಲ್ಲಿ ಹೊರಬಿತ್ತು. ಯುಎಇ ದಿರ್ಹಾಮ್ ಬಂದದ್ದು 1973ರಲ್ಲಿ.

ಯೂರೋಗೂ ಇದಕ್ಕೂ ಏನು ವ್ಯತ್ಯಾಸ?

1999ರಲ್ಲಿ ಶುರುವಾದ ಯೂರೋ ನಿಜವಾದ ಹಣಕಾಸು ಒಕ್ಕೂಟ. ಅಲ್ಲಿ ಎಲ್ಲ ಸದಸ್ಯ ದೇಶಗಳ ಕೇಂದ್ರ ಬ್ಯಾಂಕ್ ಗವರ್ನರ್‌ಗಳೂ ಐರೋಪ್ಯ ಕೇಂದ್ರ ಬ್ಯಾಂಕಿನ ಆಡಳಿತ ಮಂಡಳಿಯಲ್ಲಿದ್ದಾರೆ. ಆದರೂ ಕಷ್ಟ ಬಂದಾಗ ಗ್ರೀಸ್ ತನ್ನೊಬ್ಬನಿಗಾಗಿ ಹಣದ ಬೆಲೆ ಇಳಿಸಿಕೊಳ್ಳಲಾಗಲಿಲ್ಲ. ನಮ್ಮ ನೆರೆಯಲ್ಲಿ ಭೂತಾನ್‌ನ ಎನ್‌ಗುಲ್ಟ್ರಮ್ ಇಂದಿಗೂ ರೂಪಾಯಿಗೆ ಸಮ. ನೇಪಾಳ 1993ರಿಂದ 1 ಭಾರತೀಯ ರೂಪಾಯಿಗೆ 1.60 ನೇಪಾಳಿ ರೂಪಾಯಿ ದರ ಕಾಯ್ದುಕೊಂಡಿದೆ. ಗಲ್ಫ್‌ನ ನಾಲ್ಕು ದೇಶಗಳು 2009ರಲ್ಲಿ ಒಂದೇ ಕರೆನ್ಸಿಗೆ ಒಪ್ಪಂದ ಮಾಡಿಕೊಂಡರೂ ಅದು ಚಲಾವಣೆಗೆ ಬರಲಿಲ್ಲ.

ಇಂದಿನ ಮುಂಬೈ ವ್ಯಾಪಾರಿ ಏನು ಮಾಡಬಹುದು?

ಕರೆನ್ಸಿ ಒಂದೇ ಆಗದಿದ್ದರೂ ರೂಪಾಯಿಯಲ್ಲೇ ವ್ಯವಹರಿಸುವ ದಾರಿ ಮತ್ತೆ ತೆರೆದಿದೆ. 2022ರ ಜುಲೈನಲ್ಲಿ ಆರ್‌ಬಿಐ ರೂಪಾಯಿಯಲ್ಲಿ ವಿದೇಶಿ ವ್ಯಾಪಾರ ಇತ್ಯರ್ಥಕ್ಕೆ ವ್ಯವಸ್ಥೆ ಮಾಡಿತು. 2023ರ ಜುಲೈ 15ರಂದು ಯುಎಇ ಕೇಂದ್ರ ಬ್ಯಾಂಕ್ ಜೊತೆ ರೂಪಾಯಿ-ದಿರ್ಹಾಮ್ ಒಪ್ಪಂದವೂ ಆಯಿತು. ಇದರಡಿಯ ಆರಂಭಿಕ ವ್ಯವಹಾರಗಳಲ್ಲಿ ಒಂದು, ಯುಎಇಯಿಂದ ಭಾರತಕ್ಕೆ ಬಂದ 25 ಕೆಜಿ ಚಿನ್ನ. ಬೆಲೆ ಸುಮಾರು 12.84 ಕೋಟಿ ರೂಪಾಯಿ. ಅಂದು ರೂಪಾಯಿ ಕೊಟ್ಟು ಚಿನ್ನ ತರುವುದನ್ನು ತಡೆಯಲೆಂದೇ ಬೇರೆ ನೋಟು ಬಂದಿತ್ತು!

ಸಣ್ಣ ವ್ಯಾಪಾರಿಗಳು ಗಮನಿಸಬೇಕಾದ್ದು ಇಷ್ಟು:

* ಬಿಲ್ ಯಾವ ಕರೆನ್ಸಿಯಲ್ಲಿದೆ ನೋಡಿ. ದಿರ್ಹಾಮ್‌ನಲ್ಲಿದ್ದರೆ ದರ ಏರಿಳಿತದ ಹೊರೆ ನಿಮ್ಮದು, ರೂಪಾಯಿಯಲ್ಲಿದ್ದರೆ ದುಬೈನವರದು. ಆ ಹೊರೆ ಹೊರುವವರು ಬೆಲೆಯಲ್ಲಿ ಅದನ್ನು ಸೇರಿಸಿಯೇ ಕೇಳುತ್ತಾರೆ.
* ದಿರ್ಹಾಮ್ ಡಾಲರ್‌ಗೆ 3.6725ರ ದರದಲ್ಲಿ ಕಟ್ಟಿಕೊಂಡಿದೆ. ಆದ್ದರಿಂದ ದಿರ್ಹಾಮ್ ಬಿಲ್ ಎಂದರೆ ಹೆಚ್ಚುಕಡಿಮೆ ಡಾಲರ್ ಬಿಲ್ಲೇ.
* ಮೂರು ತಿಂಗಳ ಉದ್ದರಿ ಇದ್ದರೆ ಬ್ಯಾಂಕಿನಲ್ಲಿ ಫಾರ್ವರ್ಡ್ ಕಾಂಟ್ರಾಕ್ಟ್ ಕೇಳಿ. ಮುಂದಿನ ದರವನ್ನು ಇಂದೇ ನಿಗದಿ ಮಾಡಿಕೊಳ್ಳಬಹುದು.
* ಡಾಲರ್ ಕೊಳ್ಳುವಾಗ ಬ್ಯಾಂಕ್ ಹೇಳಿದ ದರವನ್ನೇ ಒಪ್ಪಬೇಕಿಲ್ಲ. 2019ರ ಆಗಸ್ಟ್‌ನಿಂದ ಇರುವ 'ಎಫ್‌ಎಕ್ಸ್-ರಿಟೇಲ್' ವೇದಿಕೆಯ ದರದೊಂದಿಗೆ ಹೋಲಿಸಿ ನೋಡಿ.

ಹಣ ಒಂದೇ ಆದರೆ ಬದಲಾವಣೆಯ ಖರ್ಚು ಉಳಿಯುತ್ತದೆ. ಆದರೆ ಆ ಹಣದ ಬೆಲೆ ನಿರ್ಧರಿಸುವವರು ಯಾರು ಎಂಬುದನ್ನೂ ವ್ಯಾಪಾರಿ ಲೆಕ್ಕಕ್ಕೆ ಹಿಡಿಯಬೇಕು. 1966ರಲ್ಲಿ ಗಲ್ಫ್ ದೇಶಗಳು ರೂಪಾಯಿ ಬಿಟ್ಟದ್ದು ಇದೇ ಕಾರಣಕ್ಕೆ.