ಹ್ಯೂ ಲೆ ಕೇನ್

ಹ್ಯೂ ಲೆ ಕೇನ್ (೨೭ ಮೇ ೧೯೧೪ – ೩ ಜುಲೈ ೧೯೭೭) ಕೆನಡಾ ದೇಶದ ಭೌತವಿಜ್ಞಾನಿ, ವಾದ್ಯ ನಿರ್ಮಾಪಕ ಹಾಗೂ ಸಂಗೀತ ಸಂಯೋಜಕ. ಎಲೆಕ್ಟ್ರಾನಿಕ್ ಸಂಗೀತದ ಆದ್ಯರಲ್ಲಿ ಒಬ್ಬರು. ನೀರಿನ ಒಂದೇ ಒಂದು ಹನಿಯ ಸದ್ದಿನಿಂದ ರಚಿಸಿದ 'ಡ್ರಿಪ್ಸೊಡಿ' (೧೯೫೫) ಇವರ ಅತ್ಯಂತ ಪ್ರಸಿದ್ಧ ಕೃತಿ.

ಜೀವನ

ಒಂಟಾರಿಯೊ ಪ್ರಾಂತ್ಯದ ಪೋರ್ಟ್ ಆರ್ಥರ್‌ನಲ್ಲಿ (ಈಗಿನ ಥಂಡರ್ ಬೇ) ಜನಿಸಿದರು. ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು ಒಟ್ಟಾವದ ರಾಷ್ಟ್ರೀಯ ಸಂಶೋಧನಾ ಮಂಡಳಿಯನ್ನು ಸೇರಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಡಾರ್ ಕುರಿತು ಕೆಲಸ ಮಾಡಿದರು. ಮುಂದೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಬೈಜಿಕ ಭೌತವಿಜ್ಞಾನವನ್ನು ಅಭ್ಯಸಿಸಿ ಡಾಕ್ಟರೇಟ್ ಗಳಿಸಿದರು. ಸಂಗೀತ ಮಾತ್ರ ಬಹುಕಾಲ ಮನೆಯಲ್ಲಿ, ಬಿಡುವಿನ ವೇಳೆಯಲ್ಲಿ ನಡೆದ ಸಾಧನೆ. ೧೯೫೪ರಲ್ಲಿ ಮಂಡಳಿಯು ಅದನ್ನೇ ಪೂರ್ಣಾವಧಿ ಕಾರ್ಯವಾಗಿ ಕೈಗೊಳ್ಳಲು ಅವರಿಗೆ ಅವಕಾಶ ನೀಡಿತು. ವಿಜ್ಞಾನ ಸಂಸ್ಥೆಯೊಂದು ಇಂತಹ ಔದಾರ್ಯ ತೋರಿದ್ದು ಅಪರೂಪವೇ ಸರಿ.

ಡ್ರಿಪ್ಸೊಡಿ

ಬಕೆಟ್ಟಿಗೆ ಬೀಳುವ ನೀರಹನಿಯ ಸದ್ದನ್ನು ಲೆ ಕೇನ್ ಟೇಪಿನಲ್ಲಿ ಮುದ್ರಿಸಿಕೊಂಡರು. ಟೇಪನ್ನು ಇಮ್ಮಡಿ ವೇಗದಲ್ಲಿ ಓಡಿಸಿದರೆ ಧ್ವನಿಯು ಒಂದು ಸ್ಥಾಯಿಯಷ್ಟು ಮೇಲೇರುತ್ತದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಅಷ್ಟೇ ಕೆಳಗಿಳಿಯುತ್ತದೆ, ಸದ್ದಿನ ಅವಧಿಯೂ ದೀರ್ಘವಾಗುತ್ತದೆ. ಈ ವೇಗವನ್ನು ಹಾರ್ಮೋನಿಯಂನಂತಹ ಮನೆಗಳನ್ನೊತ್ತಿ ಬದಲಿಸಬಲ್ಲ ಟೇಪ್ ಯಂತ್ರವನ್ನು ಅವರೇ ನಿರ್ಮಿಸಿದ್ದರು. ನಮ್ಮ ಜಲತರಂಗದಲ್ಲಿ ಬಟ್ಟಲಿನ ನೀರಿನ ಪ್ರಮಾಣ ಶ್ರುತಿಯನ್ನು ನಿರ್ಧರಿಸುತ್ತದೆ. ಇಲ್ಲಿ ಆ ಕೆಲಸವನ್ನು ಟೇಪಿನ ವೇಗ ಮಾಡುತ್ತದೆ. ಕೃತಿಯು ಒಂದು ಹನಿಯ ತೊಟ್ಟಿಕ್ಕುವಿಕೆಯಿಂದ ಆರಂಭವಾಗಿ, ಹನಿಗಳು ದಟ್ಟವಾಗುತ್ತ ಮಳೆಯಂತೆ ಸುರಿದು, ಕೊನೆಗೆ ಮತ್ತೆ ವಿರಳವಾಗುತ್ತದೆ. ಇದೆಲ್ಲವೂ ಸುಮಾರು ಒಂದೂವರೆ ನಿಮಿಷದಲ್ಲಿ ಮುಗಿಯುತ್ತದೆ. ಕರ್ತೃ ಇದನ್ನು ತಮ್ಮ ಯಂತ್ರಕ್ಕಾಗಿ ಬರೆದ ಒಂದು ಅಭ್ಯಾಸ ರಚನೆಯೆಂದಷ್ಟೇ ಕರೆದರು. ಆದರೆ ಕೇಳುಗರಿಗೆ ಅದು ಅಭ್ಯಾಸ ಪಾಠದಂತೆ ತೋರುವುದಿಲ್ಲ.

ವಾದ್ಯಗಳು

೧೯೪೫ರಲ್ಲಿ ಆರಂಭಿಸಿ ೧೯೪೮ರ ವೇಳೆಗೆ ರೂಪಿಸಿದ 'ಎಲೆಕ್ಟ್ರಾನಿಕ್ ಸ್ಯಾಕ್‌ಬಟ್' ವಾದ್ಯವನ್ನು, ವೋಲ್ಟೇಜಿನಿಂದ ಧ್ವನಿಯನ್ನು ನಿಯಂತ್ರಿಸುವ ಸಿಂಥಸೈಸರ್‌ಗಳಲ್ಲಿ ಮೊದಲನೆಯದೆಂದು ಹಲವರು ಪರಿಗಣಿಸುತ್ತಾರೆ. ಮನೆಯನ್ನು ಒತ್ತುವ ಬಲದಿಂದ ನಾದದ ಗಾತ್ರವೂ, ಪಕ್ಕಕ್ಕೆ ಅದುಮುವುದರಿಂದ ಶ್ರುತಿಯೂ ಬದಲಾಗುತ್ತಿದ್ದವು. ಎಡಗೈ ನಾದದ ಬಣ್ಣವನ್ನು ಮಾರ್ಪಡಿಸುತ್ತಿತ್ತು. ಟೊರೊಂಟೊ (೧೯೫೯) ಹಾಗೂ ಮೆಕ್‌ಗಿಲ್ (೧೯೬೪) ವಿಶ್ವವಿದ್ಯಾಲಯಗಳ ಎಲೆಕ್ಟ್ರಾನಿಕ್ ಸಂಗೀತ ಸ್ಟುಡಿಯೋಗಳಿಗೆ ಬೇಕಾದ ಉಪಕರಣಗಳನ್ನೂ ಇವರು ಒದಗಿಸಿದರು.

ಸ್ಯಾಕ್‌ಬಟ್ ಅನ್ನು ಮಾರುಕಟ್ಟೆಗೆ ತರುವ ಪ್ರಯತ್ನ ಎಪ್ಪತ್ತರ ದಶಕದಲ್ಲಿ ನಡೆಯಿತಾದರೂ ಕೈಗೂಡಲಿಲ್ಲ. ೧೯೭೬ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ತೀವ್ರವಾಗಿ ಗಾಯಗೊಂಡ ಲೆ ಕೇನ್ ಮರುವರ್ಷ ನಿಧನರಾದರು. ಅವರ ಮೂಲ ವಾದ್ಯವನ್ನು ಒಟ್ಟಾವದ ಕೆನಡಾ ವಿಜ್ಞಾನ ಮತ್ತು ತಂತ್ರಜ್ಞಾನ ವಸ್ತುಸಂಗ್ರಹಾಲಯವು ಸಂರಕ್ಷಿಸಿದೆ.